ಸೆರಗಿನ ಕೆಂಪಿಗೆ ಸರಿಯಾದ ಬೆಳಕು

ಭಾನುವಾರ, 14 ಜುಲೈ 2024
ಧಾರವಾಡ

ಮಳೆ ಹಿಡಿದ ಮೇಲೆ ಇಲ್ಲಿ ಕಿಟಕಿ ಬೆಳಕನ್ನು ನಂಬಿ ಕೂರುವಂತಿಲ್ಲ. ಹತ್ತು ಗಂಟೆಗೆ ಚೆನ್ನಾಗಿದ್ದ ಬೆಳಕು ಹನ್ನೊಂದಕ್ಕೆ ಮಂಕು. ವೈನಿ (ಅತ್ತಿಗೆ) ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿಯೇ ದುಡ್ಡು ಹಾಕುತ್ತಾರೆ. ಮುಟ್ಟಿ ನೋಡೋಕೆ ಆಗಲ್ಲ ಅಲ್ವಾ? ಹಾಗಾಗಿ ಫೋಟೋದಲ್ಲಿ ಬಣ್ಣ ಇದ್ದದ್ದು ಇದ್ದ ಹಾಗೇ ಬರಬೇಕು ಅನ್ನುವುದು ನನ್ನ ಹಟ.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋ ತೋರಿಸಿದ ಕೂಡಲೇ ವೈನಿ ಹೇಳಿದರು: "ಇದು ನಮ್ಮ ಸೆರಗಿನ ಕೆಂಪ ಅಲ್ಲ. ಕಂದ ಕಾಣಸ್ತದ." ಇಳಕಲ್ ಸೀರೆ ಅಂದರೆ ಟೋಪು ತೆನಿ ಸೆರಗು. ಕೆಂಪು ರೇಷ್ಮೆಯ ನಡುವೆ ಬಿಳಿ ತೆನೆಗಳು. ಆ ಕೆಂಪೇ ಹೋದರೆ ಇನ್ನೇನು ಉಳಿಯುತ್ತದೆ?

ಕೆಂಪು ಕೆಡುವುದು ಬಲ್ಬಿನಿಂದ. ಬಣ್ಣಗಳನ್ನು ಬಲ್ಬು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ. ಬಿಸಿಲಿಗೆ 100, ಮನೆಗೆ ಹಾಕುವ ಸಾದಾ ಎಲ್‌ಇಡಿಗೆ 80ರ ಆಸುಪಾಸು. 80 ಅಂದರೆ ಡಿಸ್ಟಿಂಕ್ಷನ್ ಬಂದ ಹಾಗೆ ಕೇಳಿಸುತ್ತದೆ. ಆದರೆ ಈ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದನ್ನು ಆರ್9 ಅಂತ ಬೇರೆ ಅಳೆಯುತ್ತಾರೆ. 80ರ ಬಲ್ಬಿನಲ್ಲಿ ಅದು ಸೊನ್ನೆಯ ಹತ್ತಿರವೂ ಇರಬಹುದು. ಸೀರೆ ಮಾರುವವರಿಗೆ ಬೇಕಾದ ಬಣ್ಣವೇ ಲೆಕ್ಕಕ್ಕಿಲ್ಲ!

ಸುಭಾಸ್ ರೋಡಿನ ಅಂಗಡಿಯವರು ರಿಂಗ್ ಲೈಟ್ ಮುಂದೆ ಇಟ್ಟರು. "ಈಗ ಎಲ್ಲಾರೂ ಇದನ್ನ ಒಯ್ತಾರ್ರೀ." ಮುಖಕ್ಕೆ ಅದು ಚೆಂದ. ರೇಷ್ಮೆಗೆ ಬೇಡ. ಎದುರಿನಿಂದ ಬೀಳುವ ಬೆಳಕಿಗೆ ಬಟ್ಟೆ ಚಪ್ಪಟೆ ಕಾಣುತ್ತದೆ, ಅಂಚಿನ ಮೇಲೆ ಹೊಳಪಿನ ಮಚ್ಚೆ ಬೀಳುತ್ತದೆ. ವ್ಯಾಟ್ ಜಾಸ್ತಿ ಇರುವುದೂ ಬೇಡ ಅಂದೆ. ಸಿಆರ್‌ಐ 90ಕ್ಕಿಂತ ಮೇಲಿರುವ ಒಂದೇ ಒಂದು ಬಿಳಿ ಬಲ್ಬು, ಪಿನ್ ಹೋಲ್ಡರ್, ವೈರು, ಒಂದು ಥರ್ಮಾಕೋಲ್ ಶೀಟು. ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ.

ಮನೆಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಬಿಳಿ ಪಂಚೆ ಇಳಿಬಿಟ್ಟು, ಬಲ್ಬನ್ನು ಅದರ ಹಿಂದೆ ಒಂದಿಷ್ಟು ದೂರದಲ್ಲಿ ನಿಲ್ಲಿಸಿದೆ. ಈಗ ಬೆಳಕು ಬರುವುದು ಇಡೀ ಪಂಚೆಯಿಂದ. ಬೆಳಕಿನ ಮೈ ಅಗಲವಾದಷ್ಟೂ ನೆರಳು ಮೆತ್ತಗಾಗುತ್ತದೆ. ಆಚೆ ಬದಿಗೆ ಥರ್ಮಾಕೋಲ್ ಇಟ್ಟರೆ ನೆರಳಿನ ಮಡಿಕೆಗಳೂ ತಿಳಿಯಾಗುತ್ತವೆ. ಟ್ಯೂಬ್‌ಲೈಟು ಬಂದ್, ಪರದೆ ಬಂದ್. ಎರಡು ಬಗೆಯ ಬೆಳಕು ಬೆರೆತರೆ ಸೀರೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ. ಆಮೇಲೆ ಯಾವ ಆ್ಯಪ್ ಹಾಕಿದರೂ ಸರಿಹೋಗಲ್ಲ. ಬಿಳಿ ಹಾಳೆ ಇಟ್ಟು ಮೊಬೈಲಿನ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಿಕೆ) ಗಟ್ಟಿ ಮಾಡಿಕೊಂಡೆ.

ಬಲ್ಬಿನ ಬೆಳಕಲ್ಲಿ ಫೋಟೋದ ಅಡ್ಡಕ್ಕೆ ಕಪ್ಪು ಪಟ್ಟೆ ಕಂಡರೆ ಶಟರ್ (ಕ್ಯಾಮೆರಾ ಬೆಳಕು ಹಿಡಿಯುವ ಸಮಯ) 1/100 ಅಥವಾ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಆ ಲೆಕ್ಕಕ್ಕೆ ಹೊಂದಿದರೆ ಪಟ್ಟೆ ಹೋಗುತ್ತದೆ.

ಇವತ್ತು ನನಗೆ ತುಂಬಾ ಖುಷಿ ಕೊಟ್ಟದ್ದು ಕಸೂತಿ ಸೀರೆ. ಸ್ಟ್ಯಾಂಡನ್ನು ಪೂರ್ತಿ ಪಕ್ಕಕ್ಕೆ ಸರಿಸಿದೆ. ಬೆಳಕು ಬಟ್ಟೆಯ ಮೇಲೆ ಸವರಿಕೊಂಡು ಹೋಗುವಷ್ಟು ಓರೆ. ಗೋಪುರದ ಕಸೂತಿಯ ಒಂದೊಂದು ಹೊಲಿಗೆಗೂ ಅದರದೇ ಸಣ್ಣ ನೆರಳು ಬಂತು. ದಾರ ಎಲ್ಲಿ ಬಟ್ಟೆಯೊಳಗೆ ಇಳಿದಿದೆ, ಎಲ್ಲಿ ಮೇಲೆ ಬಂದಿದೆ ಅನ್ನುವುದೂ ಕಂಡಿತು. ಗಂಟು ಹಾಕದೆ, ಎಳೆ ಎಣಿಸಿ ಕೂತು ಹೊಲಿದ ಕೆಲಸ ಅದು. ಆ ಕೈಕೆಲಸ ಕಾಣದಿದ್ದರೆ ಪ್ರಿಂಟ್ ಸೀರೆಗೂ ಇದಕ್ಕೂ ಇಷ್ಟೊಂದು ರೇಟಿನ ವ್ಯತ್ಯಾಸ ಯಾಕೆ ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು?

ಫೋಟೋ ನೋಡಿ ವೈನಿ ಸೆರಗನ್ನು ಮೊಬೈಲಿನ ಪಕ್ಕಕ್ಕೇ ಹಿಡಿದರು. "ಈಗ ಬಂತ ನೋಡ್ರಿ." ಕೂಡಲೇ ಗ್ರೂಪಿಗೆ ಹಾಕಿಬಿಟ್ಟರು.

ನಾಳೆ ಚಂದ್ರಕಾಳಿ ಸೀರೆಗಳು. ಅಚ್ಚ ಕಪ್ಪನ್ನು ಮೊಬೈಲು ತಾನಾಗಿ ಬೆಳಗಿಸಿ ಬೂದು ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿ ಶುರು ಮಾಡಬೇಕು.