ಅಲೆ ಆಕಾಶದ್ದೋ, ಕ್ರಿಸ್ಟಲ್‌ನದ್ದೋ?

ರೇಡಿಯೊ ಸಂಕೇತದಲ್ಲಿ ಆಕಾಶದ ಅಲೆಗಳನ್ನು ಹುಡುಕುವ ನನ್ನ ಪ್ರಯೋಗಕ್ಕೆ ಇದು ಹನ್ನೊಂದನೆಯ ವಾರ. ದಿನಚರಿಯಲ್ಲಿ ‘ಅಲೆ’ ಎಂದು ಗುರುತು ಹಾಕಿದ್ದ ಒಂಬತ್ತು ದಾಖಲೆಗಳನ್ನು ಈ ವಾರ ಹೊಡೆದುಹಾಕಿದ್ದೇನೆ. ಉಳಿದಿರುವುದು ಒಂದೇ. ಆ ಒಂದರ ಮೇಲೆ ನನಗೆ ನಂಬಿಕೆಯಿದೆ.

ಅಮೆರಿಕದ ಫೋರ್ಟ್ ಕಾಲಿನ್ಸ್ ಬಳಿಯ ಡಬ್ಲ್ಯುಡಬ್ಲ್ಯುವಿ ಕೇಂದ್ರ 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಹಗಲಿರುಳೂ ಸಮಯದ ಸಂಕೇತ ಬಿತ್ತರಿಸುತ್ತದೆ. ಪರಮಾಣು ಗಡಿಯಾರಗಳ ಕಾವಲಿರುವುದರಿಂದ ಅದರ ಕಂಪನಾಂಕ ಕದಲುವುದಿಲ್ಲ. ಅದು ನನ್ನ ಆಂಟೆನಾ ಮುಟ್ಟುವುದು ಅಯಾನುಗೋಳದಿಂದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರದಿಂದ, ತಿರುಗಿ ಬಂದು. ಆ ಪದರ ಏರಿಳಿದರೆ ಸಂಕೇತದ ದಾರಿಯ ಉದ್ದ ಬದಲಾಗಿ, ಕಂಪನಾಂಕ ಕೂದಲೆಳೆಯಷ್ಟು ಸರಿಯುತ್ತದೆ. 10 ಮೆಗಾಹರ್ಟ್ಸ್‌ನ ಅಲೆಯುದ್ದ 30 ಮೀಟರ್. 1 ಹರ್ಟ್ಸ್ ಸರಿದರೆ ದಾರಿ ಸೆಕೆಂಡಿಗೆ 30 ಮೀಟರ್ ಹಿಗ್ಗುತ್ತಿದೆ ಅಥವಾ ಕುಗ್ಗುತ್ತಿದೆ ಎಂದರ್ಥ. ನಾನು ಹುಡುಕುತ್ತಿರುವುದು ವಾತಾವರಣದ ಗುರುತ್ವ ಅಲೆಗಳು ಅಲ್ಲಿ ಎಬ್ಬಿಸುವ, ಕಾಲು ಗಂಟೆಯಿಂದ ಒಂದು ಗಂಟೆ ಅವಧಿಯ ಏರಿಳಿತವನ್ನು. ಕಪ್ಪುಕುಳಿಗಳ ಡಿಕ್ಕಿಯಿಂದ ಹುಟ್ಟುವ ಗುರುತ್ವಾಕರ್ಷಣ ಅಲೆಗಳೇ ಬೇರೆ. ಇವು ಮೇಲಕ್ಕೆ ತಳ್ಳಿದ ಗಾಳಿ ತನ್ನ ಭಾರಕ್ಕೆ ಮತ್ತೆ ಕುಸಿಯುವುದರಿಂದ ಹುಟ್ಟುವವು.

ಕಳೆದ ತಿಂಗಳಿಡೀ ಪರದೆಯ ಮೇಲೆ ನಲವತ್ತು ನಿಮಿಷದ ಅಲೆಯೊಂದು ಬರುತ್ತಿತ್ತು, ತೀರಾ ಅಚ್ಚುಕಟ್ಟಾಗಿ. ಅನುಮಾನ ಬಂದು ಎರಡೂ ಕಂಪನಾಂಕಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟೆ. 10ರಲ್ಲಿ 0.8 ಹರ್ಟ್ಸ್ ಏರಿದಾಗಲೆಲ್ಲ 5ರಲ್ಲಿ 0.4, ಅದೇ ನಿಮಿಷಕ್ಕೆ. ಎರಡು ಸಂಕೇತಗಳು ಬೇರೆ ಬೇರೆ ಎತ್ತರದಲ್ಲಿ ತಿರುಗುವಾಗ ಆಕಾಶ ಪ್ರತಿಸಲವೂ ಹೀಗೆ ಅರ್ಧಕ್ಕರ್ಧ ಲೆಕ್ಕ ಒಪ್ಪಿಸುವುದಿಲ್ಲ. ರಿಸೀವರ್‌ನೊಳಗಿನ ತಪ್ಪುವ ಗಡಿಯಾರವಾದರೆ ಒಪ್ಪಿಸುತ್ತದೆ, ಅದರ ತಪ್ಪು ಎರಡಕ್ಕೂ ಒಂದೇ ಪ್ರಮಾಣದಲ್ಲಿ ತಗಲುವುದರಿಂದ. ರಿಸೀವರ್‌ನ ಮುಚ್ಚಳ ತೆಗೆದು, ಆ ಗಡಿಯಾರವಾಗಿ ಮಿಡಿಯುವ, ಬಿಸಿ ಏರಿಳಿದರೆ ಲಯ ತಪ್ಪುವ ಕ್ರಿಸ್ಟಲ್‌ಗೆ ತಾಗುವಂತೆ ಪುಟ್ಟ ಉಷ್ಣಮಾಪಕ ಅಂಟಿಸಿದೆ. ಕೋಣೆಯ ಎ.ಸಿ. ನಿಂತು ಮತ್ತೆ ಶುರುವಾಗುವ ಲಯವೇ ನನ್ನ ಅಲೆಯ ಲಯ. ಒಂಬತ್ತು ದಾಖಲೆಗಳು ಹೋದದ್ದು ಹೀಗೆ.

ಜಿಪಿಎಸ್ ಉಪಗ್ರಹಗಳ ಗಡಿಯಾರವನ್ನು ಅನುಸರಿಸಿ ಮಿಡಿಯುವ ಆಸಿಲೇಟರನ್ನು ಆ ಕ್ರಿಸ್ಟಲ್ ಬದಲಿಗೆ ಜೋಡಿಸಿದ ಮೇಲೆ ಆ ನಲವತ್ತು ನಿಮಿಷದ ಅಲೆ ಮಾಯವಾಯಿತು. ಮೂರು ದಿನ ಬೆಳಗಿನ ಏರಿಕೆ, ಸಂಜೆಯ ಇಳಿಕೆ ಬಿಟ್ಟರೆ ಹೆಚ್ಚೇನೂ ಇಲ್ಲ. ಸೂರ್ಯ ಹುಟ್ಟುವಾಗ ಕೆಳಗೆ ಹೊಸ ಅಯಾನುಗಳು ತುಂಬಿ ದಾರಿ ಕಿರಿದಾಗುವುದನ್ನು ಕಣ್ಣಾರೆ ನೋಡುವುದೇ ಒಂದು ಸಂಭ್ರಮ, ಅದು ಬೇರೆ ಮಾತು.

ಗುರುವಾರ ಅದು ಬಂತು. 0.3 ಹರ್ಟ್ಸ್ ಎತ್ತರ, ಸುಮಾರು ಇಪ್ಪತ್ತೈದು ನಿಮಿಷದ ಅವಧಿ, ನಾಲ್ಕು ಸುತ್ತು, ಒಂದರಂತೆ ಇನ್ನೊಂದಿಲ್ಲ. ಮೊದಲು ಕಂಡದ್ದು 10ರಲ್ಲಿ. 5ರಲ್ಲಿ ಆರು ನಿಮಿಷ ತಡವಾಗಿ, ಬೇರೆಯೇ ಆಕಾರದಲ್ಲಿ. 10 ತಿರುಗುವುದು ಸಾಮಾನ್ಯವಾಗಿ ಇನ್ನೂ ಮೇಲಿನಿಂದ. ಕೆಳಗಿನಿಂದ ಏರಿಬರುವ ಗುರುತ್ವ ಅಲೆಯ ಶಕ್ತಿ ಮೇಲಕ್ಕೆ ಹೋದರೂ ಅದರ ಉಬ್ಬುತಗ್ಗು ಕೆಳಕ್ಕೆ ಜಾರುತ್ತದೆ. 1960ರಲ್ಲಿ ಭೌತವಿಜ್ಞಾನಿ ಕಾಲಿನ್ ಹೈನ್ಸ್ ಮಂಡಿಸಿದ ಸಿದ್ಧಾಂತ ಹೇಳುವುದೂ ಇದನ್ನೇ. ಮೇಲೆ ಮೊದಲು, ಕೆಳಗೆ ಆಮೇಲೆ! ಆ ಆರು ನಿಮಿಷದ ಅಂತರವನ್ನು ಮೂರು ಸಲ ಅಳೆದೆ.

ಅಲೆಯ ದಿಕ್ಕು, ವೇಗ ಎರಡನ್ನೂ ದಾಖಲೆಯಲ್ಲಿ ಖಾಲಿ ಬಿಟ್ಟಿದ್ದೇನೆ. ಅವಕ್ಕೆ ದೂರ ದೂರದ ಮೂರು ಕಡೆಗಳಿಂದ ಕೇಳಬೇಕು. ಇಬ್ಬರು ಗೆಳೆಯರು ಆಂಟೆನಾ ಕಟ್ಟಲು ಒಪ್ಪಿದ್ದಾರೆ. ಎರಡನೆಯ ಪೆಟ್ಟಿಗೆಯ ಬೆಸುಗೆ ನಿನ್ನೆ ರಾತ್ರಿ ಶುರುವಾಗಿದೆ.