ಬಿದ್ದರೆ ಎದ್ದು ನಿಲ್ಲಬೇಡಿ

16 ನವೆಂಬರ್ 2024, ಶನಿವಾರ
ಗಣೇಶಗುಡಿ, ಕಾಳಿ ನದಿ ದಡ

ಬೆಳಿಗ್ಗೆ ಏಳೂವರೆ. ದಡದ ಬಂಡೆಗಳ ಮೇಲೆ ನಿನ್ನೆಯ ನೀರಿನ ಗೆರೆ ಕಾಣುತ್ತಿದೆ. ಇವತ್ತಿನ ನೀರು ಅದಕ್ಕಿಂತ ಎರಡು ಗೇಣು ಕೆಳಗಿದೆ. ಮೇಲೆ ಸೂಪಾದಲ್ಲಿ ಯಂತ್ರ ಇನ್ನೂ ಓಡುತ್ತಿಲ್ಲ ಎಂದರ್ಥ.

ಕಾಳಿಯಲ್ಲಿ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರಿನ ಪಯಣ, ಮಾಡಲು ಬರುವವರಿಗೆ ಮೊದಲು ಗೊತ್ತಿರಬೇಕಾದ್ದು ಇದು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ 100 ಮೆಗಾವಾಟ್‌ನ ವಿದ್ಯುದಾಗಾರವಿದೆ. ಅದು ಓಡಿದರೆ ಇಲ್ಲಿ ನೀರು, ನಿಂತರೆ ಬರೀ ಬಂಡೆ. ಮಳೆ, ಮೋಡ ನೋಡಿ ಇಲ್ಲಿಗೆ ಹೊರಡಬೇಡಿ. ಹಿಂದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ರಾಫ್ಟಿಂಗ್ ನಡೆಸುವವರಿಗೆ ಫೋನ್ ಮಾಡಿ “ನೀರು ಬಿಡ್ತಾರಾ, ಎಷ್ಟು ಹೊತ್ತಿಗೆ?” ಎಂದು ಕೇಳಿ. ನೀರಿಲ್ಲದ ದಿನ ಒಂದೆರಡು ಕಿಲೋಮೀಟರ್ ತೇಲಿಸಿ ಅದಕ್ಕೂ ರಾಫ್ಟಿಂಗ್ ಎಂದೇ ಕರೆಯುವುದುಂಟು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಅದೇ ಒಳ್ಳೆಯದು. ಆದರೆ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಕಿಲೋಮೀಟರ್, ಎಷ್ಟು ರ‍್ಯಾಪಿಡ್ (ನೀರು ನೊರೆಯೆದ್ದು ರಭಸದಿಂದ ಹರಿಯುವ ಜಾಗ), ಯಾವ ಗ್ರೇಡ್ (ಆ ಜಾಗ ಎಷ್ಟು ಕಠಿಣ ಎಂಬ ಅಂಕಿ).

ಗ್ರೇಡ್ 1ರಿಂದ 6ರವರೆಗೆ ಇದೆ. 1 ಎಂದರೆ ಹರಿವ ನೀರು, ಅಷ್ಟೆ. 6 ಪರಿಣತರೂ ಹಿಂಜರಿಯುವಂಥದ್ದು. ಹೊಸಬರಿಗೆ 2 ಮತ್ತು 3 ಸಾಕು, ಕಾಳಿಯ ಈ ಭಾಗ ಅದೇ ಮಟ್ಟದ್ದು. ಕೊಡಗಿನ ಬಾರಪೊಳೆ ಬೇರೆ ಸ್ವಭಾವದ ಹೊಳೆ. ಅಲ್ಲಿ ಮಳೆಗಾಲದಲ್ಲಿ ಮಾತ್ರ ರಾಫ್ಟಿಂಗ್, ಜೋರು ಮಳೆ ಬಿದ್ದರೆ ಗ್ರೇಡ್ 4ಕ್ಕೂ ಏರುತ್ತದೆ. ಮೊದಲ ಸಲವೇ ಜುಲೈನ ಬಾರಪೊಳೆಗೆ ಹೋಗಬೇಡಿ ಎಂದೇ ನಮ್ಮ ಸಲಹೆ. ಗ್ರೇಡ್ ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ. ನೀರು ಏರಿದರೆ ಅದೂ ಬದಲಾಗುತ್ತದೆ. ಹೋದ ವರ್ಷ ಹೋಗಿ ಬಂದವರ ಮಾತು ಈ ವರ್ಷದ ನೀರಿಗೆ ಹೊಂದಬೇಕೆಂದಿಲ್ಲ.

ಬಟ್ಟೆಯ ವಿಷಯ ಬೇಗ ಮುಗಿಸಬಹುದು. ಜೀನ್ಸ್ ಬೇಡ, ಒದ್ದೆಯಾದರೆ ಕಾಲಿಗೆ ಕಲ್ಲು ಕಟ್ಟಿದಂತೆ. ದುಪಟ್ಟಾ ಬೇಡ. ಉಂಗುರ, ಬಳೆ, ಸರ ಕೋಣೆಯಲ್ಲೇ ಬಿಟ್ಟು ಬನ್ನಿ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ ಹಾಕಿ. ಕನ್ನಡಕಕ್ಕೆ ಹಿಂದೆ ದಾರ ಕಟ್ಟಿ.

ಲೈಫ್ ಜಾಕೆಟ್‌ಗೆ ಮಾತ್ರ ಹತ್ತು ನಿಮಿಷ ಕೊಡಿ. ಕೊಟ್ಟದ್ದನ್ನು ತಲೆಗೆ ತೂರಿಸಿಕೊಂಡು ಸೆಲ್ಫಿಗೆ ನಿಲ್ಲುವವರೇ ಹೆಚ್ಚು. ಮೊದಲು ಎಲ್ಲ ಪಟ್ಟಿ ಸಡಿಲಿಸಿ, ತೊಟ್ಟುಕೊಂಡು, ಸೊಂಟದ ಪಟ್ಟಿಯಿಂದ ಬಿಗಿಯುತ್ತಾ ಮೇಲಕ್ಕೆ ಬನ್ನಿ. ಹೊಟ್ಟೆ ಮುಂದಿರುವವರು ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಬಿಗಿಯಬೇಕು. ಆಮೇಲೆ ಜೊತೆಯವರಿಗೆ ಹೇಳಿ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಸಿ. ಜಾಕೆಟ್ ಗದ್ದಕ್ಕೆ ಬಂತೋ, ಸಡಿಲ. ನೀರಿನಲ್ಲಿ ಜಾಕೆಟ್ ಮೇಲಕ್ಕೆ ಹೋಗುತ್ತದೆ, ದೇಹ ಕೆಳಕ್ಕೆ ಜಗ್ಗುತ್ತದೆ. ಸಡಿಲವಾದದ್ದು ಬಾಯಿ ಮೂಗು ಮುಚ್ಚಿ ಕೂರುತ್ತದೆ. ಒಳಗಿನ ಫೋಮ್ ಹಿಚುಕಿ ನೋಡಿ, ಬಿಟ್ಟ ತಕ್ಷಣ ಉಬ್ಬಬೇಕು. ಅಪ್ಪಚ್ಚಿಯಾಗಿಯೇ ಉಳಿದರೆ, ಬಕಲ್ ಬಿರುಕು ಬಿಟ್ಟಿದ್ದರೆ, ನಾಚಿಕೆಯಿಲ್ಲದೆ ಬೇರೆ ಕೇಳಿ. ದೊಡ್ಡವರ ಜಾಕೆಟ್ಟನ್ನು ಮಕ್ಕಳಿಗೆ ಹಾಕಿ ಗಂಟು ಬಿಗಿದರೆ ನಡೆಯದು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ತಲೆ ಅಲ್ಲಾಡಿಸಿದರೆ ಅದು ಜಾರಬಾರದು.

ದೋಣಿಯೊಳಗೆ ಕೂರುವುದಲ್ಲ, ಅಂಚಿನ ಗಾಳಿ ತುಂಬಿದ ಕೊಳವೆಯ ಮೇಲೆ ಕೂರಬೇಕು. ಹೊಸಬರಿಗೆ ಇದು ಹೆದರಿಕೆ, ಒಳಗೆ ಜಾರಿಕೊಳ್ಳುತ್ತಾರೆ. ಅಲ್ಲಿಂದ ಹುಟ್ಟು ನೀರು ಮುಟ್ಟುವುದಿಲ್ಲ. ಪಾದವನ್ನು ಅಡ್ಡ ಕೊಳವೆಯ ಕೆಳಗೆ ಸಿಕ್ಕಿಸಿ, ಆದರೆ ಎಳೆದರೆ ಸಲೀಸಾಗಿ ಹೊರಬರುವಷ್ಟೇ. ಹುಟ್ಟಿನ ತುದಿಯಲ್ಲಿ ‘ಟಿ’ ಆಕಾರದ ಹಿಡಿ ಇರುತ್ತದೆ. ಒಂದು ಅಂಗೈ ಯಾವಾಗಲೂ ಅದರ ಮೇಲೆ ಕವಿದಿರಲಿ. ಅಲೆಯಲ್ಲಿ ದೋಣಿ ಕುಲುಕಿದಾಗ ಬಿಟ್ಟ ಹಿಡಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ರಾಫ್ಟಿಂಗ್‌ನ ಗಾಯಗಳಲ್ಲಿ ಬಂಡೆಯದ್ದಷ್ಟೇ ಅಲ್ಲ, ಹುಟ್ಟಿನದ್ದೂ ಇವೆ.

ಗೈಡ್‌ನ ಆಜ್ಞೆಗಳು ಇಂಗ್ಲಿಷಿನಲ್ಲೇ ಇರುತ್ತವೆ: ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್, ಹೈಸೈಡ್. ಮನೆಯ ಹಿರಿಯರು ಜೊತೆಗಿದ್ದರೆ ದಡದಲ್ಲೇ ಕನ್ನಡದಲ್ಲಿ ಅರ್ಥ ಹೇಳಿಕೊಡಿ, ಅಬ್ಬರದ ನಡುವೆ ಹೇಳಲಾಗದು. ಗೆಟ್ ಡೌನ್ ಎಂದರೆ ನೀರಿಗೆ ಇಳಿಯುವುದಲ್ಲ, ಅಂಚಿನಿಂದ ದೋಣಿಯೊಳಗೆ ಜಾರಿ ತಗ್ಗಿ ಕೂರುವುದು. ಫಾರ್ವರ್ಡ್ ಎಂದಾಗ ಸೊಂಟ ಬಗ್ಗಿಸಿ, ಹುಟ್ಟಿನ ಅಲಗು ಪೂರ್ತಿ ಮುಳುಗಿಸಿ, ಬೆನ್ನಿನಿಂದ ಎಳೆಯಿರಿ. ಮುಂದೆ ಕೂತ ಇಬ್ಬರ ಲಯಕ್ಕೆ ಉಳಿದವರು ಹೊಂದಿಕೊಳ್ಳಬೇಕು. ಬಿಳಿ ನೊರೆ ಎದುರಿಗೆ ಬಂದಾಗ ಎಲ್ಲರೂ ಒಮ್ಮೆಲೇ ಹುಟ್ಟು ಎತ್ತಿಬಿಡುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಹುಟ್ಟು ಹಾಕುತ್ತಿರುವವರೆಗೆ ಮಾತ್ರ ದೋಣಿ ಗೈಡ್‌ನ ಮಾತು ಕೇಳುತ್ತದೆ, ನಿಲ್ಲಿಸಿದರೆ ನೀರಿನ ಮಾತು.

ಹೈಸೈಡ್ ಎಂಬುದು ಬುದ್ಧಿಗೆ ಉಲ್ಟಾ ಅನ್ನಿಸುವ ಆಜ್ಞೆ. ದೋಣಿ ಅಡ್ಡವಾಗಿ ಬಂಡೆಗೆ ಹೊಡೆದಾಗ ಎಲ್ಲರೂ ಬಂಡೆಯಿಂದ ದೂರ ಸರಿಯುತ್ತಾರೆ. ಆಗ ಆಚೆ ಅಂಚು ತಗ್ಗಿ, ಮೇಲಿಂದ ಬರುವ ನೀರು ಅದರ ಮೇಲೆ ಹತ್ತಿ ದೋಣಿ ಮಗುಚುತ್ತದೆ. ಆದ್ದರಿಂದ ಕೂಗು ಕೇಳಿದೊಡನೆ ಎಲ್ಲರೂ ಬಂಡೆಯ ಕಡೆಗೇ ಹಾರಿ ಭಾರ ಹಾಕಬೇಕು.

ಇನ್ನು ಬೀಳುವ ಮಾತು. ಬೀಳುತ್ತೀರಿ ಎಂದುಕೊಂಡೇ ಹೋಗಿ. ಈಜು ಬರುವುದಿಲ್ಲ ಎಂಬುದಕ್ಕಿಂತ, ಬಿದ್ದಾಗ ಎದ್ದು ನಿಲ್ಲಲು ನೋಡುವುದೇ ದೊಡ್ಡ ಅಪಾಯ. ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೀರು ಬೆನ್ನು ದೂಡುತ್ತದೆ, ಮುಖ ಮುಳುಗುತ್ತದೆ. ಸೊಂಟದುದ್ದ ನೀರಿನಲ್ಲೂ ಹೀಗಾಗುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಯಾವ ಗಟ್ಟಿ ಆಳಿಗೂ ಅದರ ಎದುರು ನೆಟ್ಟಗಾಗುವುದು ಆಗದ ಕೆಲಸ.

ಅದಕ್ಕೆ, ಅಂಗಾತ ಮಲಗಿ. ಪಾದಗಳು ಹೊಳೆ ಹರಿಯುವ ದಿಕ್ಕಿಗೆ, ಹೆಬ್ಬೆರಳು ನೀರಿನಿಂದ ಮೇಲೆ ಕಾಣುವಂತೆ, ಮಂಡಿ ಕೊಂಚ ಮಡಿಸಿ. ಎದುರು ಬಂದ ಕಲ್ಲನ್ನು ಪಾದದಿಂದ ಒದೆಯಿರಿ. ಅಲೆಯ ತಲೆಯ ಮೇಲೆ ಬಾಯಿ ತೆರೆಯಬೇಡಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಉಸಿರೆಳೆಯಿರಿ. ದಡದ ಬಳಿ ನೀರು ತೆಳ್ಳಗಾದರೂ ಏಳಬೇಡಿ. ಅಂಡು ನೆಲಕ್ಕೆ ತಾಗಿದ ಮೇಲೆ ಏಳಿ.

ದೋಣಿ ಹತ್ತಿರವಿದ್ದರೆ ಅದರ ಸುತ್ತ ಕಟ್ಟಿದ ಹಗ್ಗ ಹಿಡಿಯಿರಿ, ಆದರೆ ದೋಣಿಗೂ ಬಂಡೆಗೂ ನಡುವೆ ಸಿಗಬೇಡಿ. ದೋಣಿಯಡಿಗೆ ಹೋದರೆ ಅಂಗೈಗಳನ್ನು ಮೇಲಕ್ಕೆ ಒತ್ತಿ, ಒಂದಾದ ಮೇಲೊಂದು ಕೈ ಮುಂದಿಡುತ್ತಾ ಒಂದೇ ದಿಕ್ಕಿಗೆ ಸರಿಯಿರಿ. ದಿಕ್ಕು ಬದಲಿಸಿದರೆ ಅಡಿಯಲ್ಲೇ ಸುತ್ತುತ್ತೀರಿ. ನಿಮ್ಮನ್ನು ಎಳೆದುಕೊಳ್ಳಲು ಹಗ್ಗ ತುಂಬಿದ ಚೀಲ ಎಸೆದರೆ ಚೀಲವನ್ನಲ್ಲ, ಹಗ್ಗವನ್ನು ಹಿಡಿಯಬೇಕು, ಚೀಲದೊಳಗೆ ಹಗ್ಗ ಇನ್ನೂ ಉಳಿದಿರಬಹುದು. ಎರಡೂ ಕೈಯಲ್ಲಿ ಎದೆಗೆ ಒತ್ತಿ, ಹೆಗಲ ಮೇಲಿಂದ ಹಾಯಿಸಿ, ಬೆನ್ನ ಮೇಲೆ ಮಲಗಿ. ಮುಂಗೈಗೆ ಸುತ್ತಿಕೊಳ್ಳಲೇಬೇಡಿ. ಬಿದ್ದವರನ್ನು ದೋಣಿಗೆ ಎತ್ತುವಾಗ ಕೈ ಜಗ್ಗಿದರೆ ರಟ್ಟೆ ಕಳಚೀತು. ಜಾಕೆಟ್‌ನ ಎರಡೂ ಭುಜ ಹಿಡಿದು, ಒಮ್ಮೆ ಕೆಳಕ್ಕೆ ಅದ್ದಿ, ಅದು ಮೇಲೆ ಚಿಮ್ಮುವಾಗ ನೀವು ದೋಣಿಯೊಳಗೆ ಹಿಂದಕ್ಕೆ ಬಿದ್ದರೆ ಅವರೂ ಜೊತೆಗೆ ಬರುತ್ತಾರೆ.

ಅಂಗಾತ ತೇಲುವ ನಿಯಮಕ್ಕೆ ಒಂದು ಮುಖ್ಯ ಅಪವಾದ. ಹೊಳೆಗೆ ಅಡ್ಡ ಬಿದ್ದ ಮರ, ನೀರಿಗೆ ಬಾಗಿದ ಕೊಂಬೆಗಳ ಮೆಳೆ. ಜರಡಿಯಂತೆ ನೀರು ಅದರೊಳಗೆ ಹಾಯುತ್ತದೆ, ಮನುಷ್ಯ ಹಾಯುವುದಿಲ್ಲ. ಮೊದಲು ಓರೆಯಾಗಿ ಈಜಿ ತಪ್ಪಿಸಿಕೊಳ್ಳಿ. ಆಗದಿದ್ದರೆ ತಕ್ಷಣ ಬೋರಲಾಗಿ, ತಲೆ ಮುಂದಾಗಿ ಅದರತ್ತಲೇ ಜೋರಾಗಿ ಈಜಿ, ಮೇಲೆ ಹತ್ತಿ. ಕಾಲು ಮುಂದಿಟ್ಟು ಹೋದರೆ ಕೊಂಬೆಗಳ ಕೆಳಗೇ ಸೆಳೆದುಕೊಳ್ಳುತ್ತದೆ.

ದೋಣಿಗೆ ಎಷ್ಟು ಜನ ಎಂದು ಎಣಿಸಿ. ಆರು ಜನ ಹುಟ್ಟು ಹಾಕುವ ದೋಣಿಗೆ ಹತ್ತು ಜನ ಹತ್ತಿಸಿದರೆ ಅದು ತಿರುಗುವುದೂ ಇಲ್ಲ, ಬಂಡೆಗೆ ಸಿಕ್ಕರೆ ಬಿಡಿಸಿಕೊಳ್ಳುವುದೂ ಇಲ್ಲ. ಮುಂಗಡ ಹೋಗುತ್ತದೆಂದು ಸುಮ್ಮನಾಗದೆ ಇಳಿದುಬಿಡಿ. ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚಿನ ಆಪರೇಷನ್, ಒಮ್ಮೆ ಕಳಚಿದ ಹೆಗಲ ಕೀಲು, ಬಸುರಿ, ಇವರು ಯಾರೂ ಬೇಡ. ರಾತ್ರಿ ಕುಡಿದು ಬೆಳಿಗ್ಗೆ ಬಂದವರೂ ಬೇಡ. ದಾಂಡೇಲಿ ಕಡೆಯ ನಿಂತ ಮಡುಗಳಲ್ಲಿ ಮೊಸಳೆಗಳಿವೆ. ಗೈಡ್ ಹೇಳಿದ ಕಡೆ ಬಿಟ್ಟು ಬೇರೆಲ್ಲೂ ಈಜಲು ಇಳಿಯಬೇಡಿ.

ಹತ್ತು ಗಂಟೆ. ನೀರು ಕಾಯುತ್ತಾ ಕೂತವರಲ್ಲಿ ಇಬ್ಬರು ಹುಡುಗರು ಫೋಟೊಗೆಂದು ನಡುಹೊಳೆಯ ಬಂಡೆಯತ್ತ ಹೊರಟಿದ್ದಾರೆ, ಗೈಡ್ ಸೀಟಿ ಊದಿ ವಾಪಸ್ ಕರೆಯುತ್ತಿದ್ದಾನೆ. ಅಣೆಕಟ್ಟಿನ ಕೆಳಗಿನ ಹೊಳೆ ಆಕಾಶ ನಿರ್ಮಲವಾಗಿದ್ದಾಗಲೂ ಏರುತ್ತದೆ. ಅಲ್ಲಿಗೆ ಹೋಗುವಾಗ ಒಣಗಿದ್ದ ದಾರಿ, ಬರುವಾಗ ಹೊಳೆಯೇ ಆಗಿರುತ್ತದೆ. ಬೆಳಿಗ್ಗೆ ಬಂಡೆಯ ಮೇಲೆ ಕಂಡ ಗೆರೆಯ ಹತ್ತಿರಕ್ಕೆ ನೀರು ಆಗಲೇ ಬಂದಿದೆ.