ಮುಚ್ಚಳ ನಮ್ಮ ಮನೆಯಲ್ಲೇ ಇದೆ

ಬೆಂಗಳೂರಿನ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ, ಹವ್ಯಾಸಿಗಳಿಗೆ ಐದೈದು ನಿಮಿಷ ಮೈಕು ಕೊಡುವ ಕಾರ್ಯಕ್ರಮದಲ್ಲಿ, ಕಳೆದ ವರ್ಷ ನಾನು ಮೊದಲ ಬಾರಿಗೆ ಜನರನ್ನು ನಗಿಸಲು ನಿಂತೆ. ಆರಿಸಿಕೊಂಡ ವಿಷಯ ಅಮ್ಮನ ಸ್ಟೀಲ್ ಡಬ್ಬಿಗಳು. "ಅಮ್ಮಂದಿರಿಗೆ ಮಕ್ಕಳಿಗಿಂತ ಡಬ್ಬಿಗಳ ಮೇಲೆಯೇ ಪ್ರೀತಿ ಹೆಚ್ಚು" ಎಂದು ಆರಂಭಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಸೌಜನ್ಯಕ್ಕೆ ಮುಗುಳ್ನಕ್ಕರು. ಉಳಿದವರು ಕಾಫಿ ಕುಡಿದರು.

ಅಂಥ ಮಾತನ್ನು ಹೇಳಲು ನಮ್ಮ ಅಮ್ಮನನ್ನು ಕಂಡಿರಬೇಕಾದ ಅಗತ್ಯವೇ ಇರಲಿಲ್ಲವೆಂಬುದು ಆಮೇಲೆ ಹೊಳೆಯಿತು. ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಡಬ್ಬಿಗಳನ್ನೇ ನೋಡುತ್ತ ಕುಳಿತೆ.

ಪ್ರತಿಯೊಂದರ ಮೇಲೂ ಹೆಸರಿದೆ. ಪಾತ್ರೆ ಅಂಗಡಿಯವರು ಕರ್ರೆಂದು ಸದ್ದು ಮಾಡುವ ಯಂತ್ರ ಹಿಡಿದು ಚುಕ್ಕೆ ಚುಕ್ಕೆಯಾಗಿ ಕೆತ್ತಿಕೊಟ್ಟ ಹೆಸರು. ಒಂದರಲ್ಲಿ ಜಾಗ ಸಾಲದೆ ಅಪ್ಪನ ಹೆಸರಿನ ಕೊನೆಯ ಅಕ್ಷರ ಕೆಳಗಿಳಿದಿದೆ. ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ನಮ್ಮಲ್ಲಿರುವುದರಿಂದ, ಚಿಕ್ಕಮ್ಮ ಚಕ್ಕುಲಿ ಕಳಿಸಿದ ಡಬ್ಬಿ ನಾವು ಕೋಡುಬಳೆ ಮಾಡುವವರೆಗೆ ನಮ್ಮಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಅದಕ್ಕೆ ಯಾರೋ ಸಕ್ಕರೆ ಸುರಿದಿರುತ್ತಾರೆ. ಹೀಗಾಗಿ ನಮ್ಮ ಮನೆಯ ಸಕ್ಕರೆ ಇರುವುದು ಚಿಕ್ಕಮ್ಮನ ಹೆಸರಿನಲ್ಲಿ, ತೊಗರಿಬೇಳೆ ಇರುವುದು 1994ರಲ್ಲಿ ಗೃಹಪ್ರವೇಶ ಮಾಡಿಸಿದ ಯಾರದೋ ಹೆಸರಿನಲ್ಲಿ. ಸ್ಥಿರಾಸ್ತಿ ಏನೂ ಇಲ್ಲದ ನಮಗೆ ಇರುವ ಚರಾಸ್ತಿಯೆಲ್ಲ ಬೇನಾಮಿ.

ಮನೆಯೊಳಗೇ ನಗೆಯನ್ನು ಹುಡುಕುವುದು ಕನ್ನಡಕ್ಕೆ ಹೊಸದೇನಲ್ಲ. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮನವರು ಸಂಸಾರದ ಸಂಗತಿಗಳನ್ನು ಸಂಸಾರದೊಳಗೆ ಇದ್ದುಕೊಂಡೇ ಬರೆದರು. ಹಾಸ್ಯದ ವೇದಿಕೆಗಳಲ್ಲಿ ಇಂದಿಗೂ ಕೇಳಿಬರುವ ಹೆಂಡತಿ ಜೋಕುಗಳು ನನಗೆ ರುಚಿಸದಿರುವುದಕ್ಕೆ ಕಾರಣವೂ ಇದೇ: ಅಲ್ಲಿ ಹೇಳುವವನು ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತಿರುತ್ತಾನೆ, ಅವನು ಒಮ್ಮೆಯೂ ಹಾಲು ಉಕ್ಕಿಸಿದವನಲ್ಲ, ಒಮ್ಮೆಯೂ ಗ್ಯಾಸ್ ಬುಕ್ ಮಾಡುವುದನ್ನು ಮರೆತವನಲ್ಲ.

ಎರಡನೆಯ ಸಲ ಬೇನಾಮಿಯ ಮಾತಿಗೆ ನಗೆ ಬಂತು. ಆದರೆ ಅದಕ್ಕಿಂತ ದೊಡ್ಡ ನಗೆ, ನಾನು ಹಾಸ್ಯವೆಂದು ಭಾವಿಸಿಯೇ ಇರದ ಒಂದು ವಾಕ್ಯಕ್ಕೆ ಬಂತು. ಹನ್ನೊಂದು ವರ್ಷದ ಹಿಂದೆ ಸೋದರತ್ತೆಯ ಮನೆಗೆ ಹೋದ ಡಬ್ಬಿಯೊಂದರ ಬಗ್ಗೆ ಅಮ್ಮ ಸ್ವಲ್ಪವೂ ಆತಂಕವಿಲ್ಲದೆ, "ಎಲ್ಲಿಗೆ ಹೋಗತ್ತೆ ಬಿಡು, ಮುಚ್ಚಳ ನಮ್ಮನೇಲೇ ಇದ್ಯಲ್ಲ" ಎಂದಿದ್ದನ್ನು, ಒಂದಕ್ಷರ ಸೇರಿಸದೆ, ಅವಳದೇ ಧಾಟಿಯಲ್ಲಿ ಹೇಳಿದ್ದೆ, ಅಷ್ಟೇ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಪಕ್ಕದಲ್ಲಿದ್ದ ಮಗಳ ತೊಡೆಗೆ ಬಡಿದು ಬಡಿದು ನಕ್ಕರು. ಅವರ ಮನೆಯಲ್ಲೂ ಒಂದು ಒಂಟಿ ಮುಚ್ಚಳ ಇದ್ದಿರಬೇಕು.

ಆ ಉತ್ಸಾಹದಲ್ಲಿ ವಿಡಿಯೋವನ್ನು ಅಮ್ಮನಿಗೆ ಕಳಿಸಿದೆ. ಕನ್ನಡಕ ಹಾಕಿಕೊಂಡು ಎರಡು ಬಾರಿ ನೋಡಿದಳೆಂದು ಅಪ್ಪ ವರದಿ ಮಾಡಿದರು. ರಾತ್ರಿ ಅವಳದೇ ಫೋನು ಬಂತು.

"ಚೆನ್ನಾಗಿ ಹೇಳಿದೀಯ ಕಣೋ, ಎಲ್ರೂ ನಗ್ತಿದಾರೆ. ಆದ್ರೆ ಯುಗಾದಿಗೆ ಚಟ್ನಿಪುಡಿ ತುಂಬಿಸ್ಕೊಂಡು ಹೋದ್ಯಲ್ಲ, ಆ ಡಬ್ಬಿ ವಿಷಯ ಎಲ್ಲೂ ಬರ್ಲೇ ಇಲ್ವಲ್ಲ?"

ಆ ಡಬ್ಬಿ ಆಗ ನನ್ನ ಮೇಜಿನ ಮೇಲೆಯೇ ಇತ್ತು, ಒಳಗೆ ಚಾರ್ಜರಿನ ವೈರುಗಳನ್ನು ತುಂಬಿಸಿಕೊಂಡು.